ಅಪಸಾಮಾನ್ಯತೆ ಮತ್ತು ಮಾನಸಿಕ ಸ್ವಾಸ್ಥ್ಯ: ನಾಲ್ಕು ಮಾನದಂಡಗಳ ಪರಿಶೀಲನೆ



ಮನುಷ್ಯನ ನಡೆನುಡಿಯಲ್ಲಿ ಯಾವುದು ಸಹಜ, ಯಾವುದು ಅಸಹಜ ಎಂಬ ತೀರ್ಪನ್ನು ಮನೆ, ಶಾಲೆ, ಕಚೇರಿ, ಆಸ್ಪತ್ರೆ ಮತ್ತು ನ್ಯಾಯಾಲಯಗಳು ದಿನನಿತ್ಯವೂ ಕೊಡುತ್ತಲೇ ಇರುತ್ತವೆ. ಒಬ್ಬ ವ್ಯಕ್ತಿಗೆ ಚಿಕಿತ್ಸೆ ದೊರೆಯುವುದೂ ದೊರೆಯದಿರುವುದೂ, ಉದ್ಯೋಗ, ಮದುವೆ, ಆಸ್ತಿಯ ಹಕ್ಕು ಮತ್ತು ಸ್ವಾತಂತ್ರ್ಯಗಳು ಉಳಿಯುವುದೂ ಕಳೆದುಹೋಗುವುದೂ ಅನೇಕ ವೇಳೆ ಈ ತೀರ್ಪನ್ನೇ ಅವಲಂಬಿಸಿರುವುದರಿಂದ, ತೀರ್ಪಿನ ಹಿಂದಿರುವ ಅಳತೆಗೋಲು ಯಾವುದು, ಅದು ಎಷ್ಟರಮಟ್ಟಿಗೆ ನಂಬಲರ್ಹ ಎಂದು ಕೇಳುವುದು ಮನೋವಿಜ್ಞಾನಿಗಳಿಗೆ ಮಾತ್ರ ಬಿಟ್ಟ ಕೆಲಸವಾಗಿ ಉಳಿಯುವುದಿಲ್ಲ.

ರೂಢಿಯ ನಡವಳಿಕೆಯಿಂದ ಬೇರೆಯಾಗಿ ತೋರುವ, ತಜ್ಞರ ಗಮನವನ್ನು ಬೇಡುವ ಮನೋವ್ಯಾಪಾರಗಳನ್ನು ಕನ್ನಡದ ಪಠ್ಯಪುಸ್ತಕಗಳು ‘ಅಪಸಾಮಾನ್ಯ’ ಎಂದು ಕರೆಯುತ್ತವೆ. ಅಂಥವುಗಳನ್ನು ಗುರುತಿಸಲು ಮನೋವಿಜ್ಞಾನವು ಕಾಲಕಾಲಕ್ಕೆ ಬಳಸಿರುವ ನಾಲ್ಕು ಮಾನದಂಡಗಳನ್ನು ಈ ಉಪನ್ಯಾಸ ಪರಿಶೀಲಿಸುತ್ತದೆ. ಸಂಖ್ಯೆಯ ಮಾನದಂಡ ಮೊದಲನೆಯದು, ಸಮಾಜದ ರೂಢಿಯ ಮಾನದಂಡ ಎರಡನೆಯದು, ಸಂಕಟ ಮತ್ತು ಕಾರ್ಯಹಾನಿಯ ಮಾನದಂಡ ಮೂರನೆಯದು, ಸ್ವಾಸ್ಥ್ಯದ ಆದರ್ಶವನ್ನು ಮುಂದಿಟ್ಟುಕೊಂಡು ಅಳೆಯುವ ಮಾನದಂಡ ನಾಲ್ಕನೆಯದು. ಇವುಗಳಲ್ಲಿ ಯಾವುದೊಂದೂ ತಾನೇ ಪೂರ್ಣವಲ್ಲವಾದರೂ, ನಿರ್ಣಯಕ್ಕೆ ಮೊದಲ ಆಧಾರವಾಗಬೇಕಾದುದು ವ್ಯಕ್ತಿ ಅನುಭವಿಸುವ ಸಂಕಟ ಮತ್ತು ಆ ವ್ಯಕ್ತಿಯ ಬದುಕಿಗೆ ಒದಗಿದ ಅಡ್ಡಿ ಎಂಬುದು, ಬಹುಸಂಖ್ಯೆಯಾಗಲಿ ಸುತ್ತಲಿನವರ ಅನುಕೂಲವಾಗಲಿ ಆ ಸ್ಥಾನವನ್ನು ಆಕ್ರಮಿಸಬಾರದು ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ನಿಲುವು.

ಸಂಖ್ಯೆಯ ಮಾನದಂಡ

ಬೆಲ್ಜಿಯಮ್ಮಿನ ಖಗೋಳವಿಜ್ಞಾನಿ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಎತ್ತರ, ತೂಕಗಳಂತೆ ಮನುಷ್ಯನ ಗುಣಗಳನ್ನೂ ಅಳೆದರೆ ಹೆಚ್ಚಿನವರು ಸರಾಸರಿಯ ಆಸುಪಾಸಿನಲ್ಲಿ ಗುಂಪುಗೂಡುತ್ತಾರೆ, ಎರಡೂ ಅಂಚುಗಳತ್ತ ಸಾಗಿದಂತೆ ಸಂಖ್ಯೆ ಕ್ಷೀಣಿಸುತ್ತದೆ ಎಂಬ ಈ ನೋಟದಿಂದ, ಸರಾಸರಿಯಿಂದ ಬಹುದೂರ ಇರುವುದೇ ಅಪಸಾಮಾನ್ಯ ಎಂಬ ಮಾನದಂಡ ಹುಟ್ಟಿತು. ಇದರ ಪರಿಚಿತ ಉದಾಹರಣೆ ಐಕ್ಯೂ ಎಂದು ಬಳಕೆಯಲ್ಲಿರುವ ಬುದ್ಧಿಸೂಚ್ಯಂಕ. ಈ ಪರೀಕ್ಷೆಗಳಲ್ಲಿ ಸರಾಸರಿಯನ್ನು 100 ಎಂದೂ, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಹೇಳುವ ಮಾನಕ ವಿಚಲನೆಯನ್ನು ಸಾಮಾನ್ಯವಾಗಿ 15 ಎಂದೂ ಇಟ್ಟುಕೊಳ್ಳುವುದರಿಂದ, ನೂರರಲ್ಲಿ ಸುಮಾರು 95 ಮಂದಿ 70ರಿಂದ 130ರ ನಡುವೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಎರಡರಷ್ಟು. ಈ ಅಳತೆಯ ಪರಂಪರೆ ಕನ್ನಡ ನಾಡಿಗೂ ಬೇಗನೆ ತಲುಪಿತು: 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಮಾಪನಕ್ಕೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿದವರು.

ಅಳೆಯುವವರು ಬದಲಾದರೂ ಫಲಿತಾಂಶ ಹೆಚ್ಚು ಬದಲಾಗದು ಎಂಬುದು ಈ ಮಾನದಂಡದ ಬಲ. ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಶಿಕ್ಷಕರ ಅಸಮಾಧಾನವೊಂದರಿಂದಲೇ ‘ದಡ್ಡ’ ಎಂದು ತಳ್ಳಿಹಾಕುವುದಕ್ಕಿಂತ ಕ್ರಮಬದ್ಧವಾದ ಪರೀಕ್ಷೆ ನ್ಯಾಯಯುತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಮಿತಿಗಳು ಮೂರು. ಮೊದಲನೆಯದಾಗಿ, ಸಂಖ್ಯೆಗೆ ಮೌಲ್ಯದ ಅರಿವಿಲ್ಲ. 70ಕ್ಕಿಂತ ಕೆಳಗಿರುವವರಷ್ಟೇ 130ಕ್ಕಿಂತ ಮೇಲಿರುವವರೂ ವಿರಳರಾದರೂ, ಅಸಾಧಾರಣ ಪ್ರತಿಭೆಯನ್ನು ಯಾರೂ ಚಿಕಿತ್ಸೆಗೆ ಒಪ್ಪಿಸುವುದಿಲ್ಲ. ಎರಡನೆಯದಾಗಿ, ವ್ಯಾಪಕವಾಗಿರುವುದು ಆರೋಗ್ಯಕರವೇ ಆಗಿರಬೇಕೆಂದಿಲ್ಲ. ಊರಿನ ಬಹುಪಾಲು ಜನರ ಹಲ್ಲು ಹುಳುಕಾಗಿದ್ದರೂ ದಂತವೈದ್ಯರು ಹುಳುಕನ್ನು ರೋಗವೆಂದೇ ಕರೆಯುತ್ತಾರೆ. ಮೂರನೆಯದಾಗಿ, ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಸಂಖ್ಯೆ ತಾನಾಗಿ ಹೇಳುವುದಿಲ್ಲ. ಅಮೆರಿಕದಲ್ಲಿ ಬೌದ್ಧಿಕ ಅಸಾಮರ್ಥ್ಯದ ತಜ್ಞರ ಸಂಘವು 1961ರ ತನ್ನ ಕೈಪಿಡಿಯಲ್ಲಿ ಸರಾಸರಿಗಿಂತ ಒಂದು ಮಾನಕ ವಿಚಲನೆ ಕೆಳಗೆ ಎಳೆದಿದ್ದ ಗೆರೆಯನ್ನು 1973ರಲ್ಲಿ ಎರಡು ಮಾನಕ ವಿಚಲನೆಗಳಷ್ಟು ಕೆಳಗೆ ಸರಿಸಿತು. ಅಂಕದ ಷರತ್ತಿನೊಳಗೆ ಬರಬಹುದಾಗಿದ್ದವರ ಪ್ರಮಾಣ ಇದರಿಂದ, ಲೆಕ್ಕದ ಪ್ರಕಾರ, ನೂರಕ್ಕೆ ಸುಮಾರು 16ರಿಂದ ಎರಡಕ್ಕೆ ಇಳಿಯಿತು. ಅವರ ಬುದ್ಧಿಶಕ್ತಿಯಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಆದುದರಿಂದಲೇ ಇಂದು ಬೌದ್ಧಿಕ ಅಸಾಮರ್ಥ್ಯವನ್ನು ನಿರ್ಣಯಿಸುವಾಗ ಅಂಕದ ಜೊತೆಗೆ ಮಾತುಕತೆ, ಸ್ವಂತ ಆರೈಕೆ, ಹಣದ ವ್ಯವಹಾರ, ಇತರರೊಡನೆ ಬೆರೆಯುವಿಕೆ ಮುಂತಾದ ನಿತ್ಯಜೀವನದ ಕೌಶಲಗಳನ್ನೂ ಪರಿಶೀಲಿಸುವುದು ಕಡ್ಡಾಯವಾಗಿದೆ. ಸಂಖ್ಯೆ ಸಾಕ್ಷಿಯಾಗಬಲ್ಲದು; ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ರೂಢಿಯ ಮಾನದಂಡ

ಸಂಖ್ಯೆ ಮೌಲ್ಯವನ್ನು ಹೇಳಲಾರದು ಎಂದಾದ ಮೇಲೆ, ಮೌಲ್ಯವನ್ನು ಹೇಳುವ ಸಮಾಜದತ್ತ ತಿರುಗುವುದು ಸಹಜವಾಗಿದ್ದು, ಎರಡನೆಯ ಮಾನದಂಡ ಇಲ್ಲಿಂದ ಆರಂಭವಾಗುತ್ತದೆ. ಒಂದು ಸಮಾಜ ಒಪ್ಪಿಕೊಂಡ ನಡವಳಿಕೆಯ ಕಟ್ಟಳೆಗಳನ್ನು ಮೀರುವುದೇ ಅಪಸಾಮಾನ್ಯತೆ ಎಂಬುದು ಇದರ ಸಾರ. ಮಾನವಶಾಸ್ತ್ರಜ್ಞೆ ರುತ್ ಬೆನೆಡಿಕ್ಟ್ 1934ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಒಂದು ಸಂಸ್ಕೃತಿಯಲ್ಲಿ ವಿಕಾರವೆನಿಸುವ ನಡವಳಿಕೆ ಇನ್ನೊಂದರಲ್ಲಿ ಗೌರವದ ಸ್ಥಾನ ಪಡೆದಿರುವುದನ್ನು ತೋರಿಸಿ, ಸಹಜತೆಯ ಕಲ್ಪನೆ ಆಯಾ ಸಂಸ್ಕೃತಿಯಿಂದಲೇ ರೂಪುಗೊಳ್ಳುತ್ತದೆಂದು ವಾದಿಸಿದರು.

ಈ ನೋಟದಲ್ಲಿ ಬಿಟ್ಟುಕೊಡಲಾಗದ ಸತ್ಯವೊಂದಿದೆ. ತುಳುನಾಡಿನ ಭೂತಾರಾಧನೆಯಲ್ಲಿ ಪಾತ್ರಿಯ ಮೈಮೇಲೆ ದೈವ ಬಂದು ನುಡಿಕೊಡುವಾಗ, ಅವನ ಸ್ವರವೂ ಚಲನೆಯೂ ಬದಲಾಗುವುದನ್ನು ಆ ಸಂದರ್ಭದಿಂದ ಕಿತ್ತು ನೋಡಿದರೆ ರೋಗಲಕ್ಷಣವೆಂದು ತೋರಬಹುದು. ಊರಿನವರೆಲ್ಲ ನಿರೀಕ್ಷಿಸುವ, ನಿಯಮಬದ್ಧವಾಗಿ ಆರಂಭವಾಗಿ ನಿಯಮಬದ್ಧವಾಗಿ ಮುಗಿಯುವ, ಪಾತ್ರಿಯ ಉಳಿದ ಬದುಕಿಗೆ ಯಾವ ಅಡ್ಡಿಯನ್ನೂ ತಾರದ ಆವೇಶವನ್ನು ರೋಗವೆಂದು ಕರೆಯುವುದು ಅಜ್ಞಾನವಾದೀತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ರೋಗ ವರ್ಗೀಕರಣವೂ ಈ ವಿವೇಕವನ್ನು ಒಪ್ಪಿಕೊಂಡು, ವ್ಯಕ್ತಿಗೆ ಬೇಡವಾದ, ತಡೆಯಲಾಗದ, ಧಾರ್ಮಿಕ ಹಾಗೂ ಸಾಂಸ್ಕೃತಿಕ ಸಂದರ್ಭದ ಹೊರಗೆ ಉಂಟಾಗುವ ಆವೇಶವನ್ನು ಮಾತ್ರ ತೊಂದರೆಯೆಂದು ಗಣಿಸುತ್ತದೆ.

ಸಂದರ್ಭವನ್ನು ತಿಳಿಯಲು ರೂಢಿ ನೆರವಾಗುತ್ತದೆ ಎಂಬುದರಿಂದ, ರೂಢಿಯನ್ನು ಮೀರಿದವರೆಲ್ಲ ರೋಗಿಗಳು ಎಂಬ ನಿಲುವಿಗೆ ಹಾರುವುದು ಮಾತ್ರ ಅಪಾಯಕಾರಿ ಎಂಬುದನ್ನು ಇತಿಹಾಸ ಮತ್ತೆ ಮತ್ತೆ ತೋರಿಸಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ 1851ರಲ್ಲಿ, ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯರು ಒಡೆಯರಿಂದ ಓಡಿಹೋಗುವ ಗುಲಾಮರ ಬಯಕೆಗೆ ‘ಡ್ರೆಪಟೊಮೇನಿಯಾ’ ಎಂದು ಹೆಸರಿಟ್ಟು ಅದನ್ನು ಮಾನಸಿಕ ರೋಗವೆಂದು ವಿವರಿಸಿದರು. ಸೋವಿಯತ್ ಒಕ್ಕೂಟದಲ್ಲಿ ಪ್ರಭುತ್ವವನ್ನು ಟೀಕಿಸಿದ ಹಲವರಿಗೆ ‘ಮಂದಗತಿಯ ಸ್ಕಿಜೋಫ್ರೀನಿಯಾ’ ಎಂಬ ಹಣೆಪಟ್ಟಿ ಹಚ್ಚಿ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಯಿತು. ವಿಶ್ವ ಮನೋವೈದ್ಯಕೀಯ ಸಂಘವು 1977ರ ಹೊನೊಲುಲು ಅಧಿವೇಶನದಲ್ಲಿ ಈ ದುರುಪಯೋಗವನ್ನು ಖಂಡಿಸಿತು. ಎರಡೂ ಕಡೆ ‘ರೋಗ’ವೆನಿಸಿಕೊಂಡದ್ದು ಸ್ವಾತಂತ್ರ್ಯದ ಬಯಕೆಯೇ.

ಸಲಿಂಗಕಾಮದ ವಿಷಯದಲ್ಲಿ ನಡೆದ ಬದಲಾವಣೆ ಇನ್ನೂ ಬೋಧಪ್ರದವಾಗಿದೆ. ಮನೋವಿಜ್ಞಾನಿ ಎವ್ಲಿನ್ ಹೂಕರ್ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿಲ್ಲದ 30 ಸಲಿಂಗಕಾಮಿ ಪುರುಷರಿಗೂ 30 ಭಿನ್ನಲಿಂಗಕಾಮಿ ಪುರುಷರಿಗೂ ಮಸಿಕಲೆಗಳನ್ನು ಬಳಸುವ ರೋರ್ಶಾಕ್ ಪರೀಕ್ಷೆಯೂ ಸೇರಿದಂತೆ ಮೂರು ಪರೀಕ್ಷೆಗಳನ್ನು ಕೊಟ್ಟು, ಹೆಸರು ಮರೆಮಾಡಿದ ಫಲಿತಾಂಶಗಳನ್ನು ನುರಿತ ತಜ್ಞರ ಮುಂದಿಟ್ಟಾಗ, ಹೊಂದಾಣಿಕೆಯ ಮಟ್ಟದಲ್ಲಿ ಎರಡು ಗುಂಪುಗಳ ನಡುವೆ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಮನೋವೈದ್ಯಕೀಯ ಸಂಘವು 1973ರ ಡಿಸೆಂಬರಿನಲ್ಲಿ ಸಲಿಂಗಕಾಮವನ್ನು ಡಿಎಸ್‌ಎಂ ಎಂಬ ತನ್ನ ರೋಗನಿರ್ಣಯ ಕೈಪಿಡಿಯಿಂದ ಕೈಬಿಟ್ಟಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ದಾರಿ ಹಿಡಿಯಿತು. ಭಾರತದ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರತಂದಿತು. ಹೊಸ ಔಷಧದಿಂದ ಗುಣವಾದ ರೋಗವೊಂದರ ಕಥೆಯಲ್ಲ ಇದು; ರೂಢಿಯ ಒತ್ತಡದಲ್ಲಿ ರೋಗವೆಂದು ಬರೆದಿಟ್ಟದ್ದನ್ನು ವಿಜ್ಞಾನ ತಾನೇ ಪರೀಕ್ಷಿಸಿ ತಿದ್ದಿಕೊಂಡ ಕಥೆ.

ಸಂಕಟ ಮತ್ತು ಕಾರ್ಯಹಾನಿಯ ಮಾನದಂಡ

ಹೊರಗಿನಿಂದ ಅಳೆಯುವ ಈ ಎರಡು ಮಾನದಂಡಗಳನ್ನು ದಾಟಿ, ವ್ಯಕ್ತಿಯ ಅನುಭವದಿಂದಲೇ ಆರಂಭಿಸುವ ಮೂರನೆಯ ಮಾನದಂಡಕ್ಕೆ ಈಗ ಬರಬಹುದು. ವ್ಯಕ್ತಿ ಎಷ್ಟು ನರಳುತ್ತಿದ್ದಾರೆ, ಆ ನರಳಿಕೆಯಿಂದ ದುಡಿಮೆ, ಸಂಸಾರ, ಸ್ನೇಹ, ನಿದ್ದೆ, ಊಟಗಳಿಗೆ ಎಷ್ಟು ಅಡ್ಡಿಯಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಇದು ಕೇಳುತ್ತದೆ. ಇಂದಿನ ರೋಗನಿರ್ಣಯ ಪದ್ಧತಿಯ ಬೆನ್ನೆಲುಬು ಇದೇ. ಉದಾಹರಣೆಗೆ ಡಿಎಸ್‌ಎಂ ಪ್ರಕಾರ ತೀವ್ರ ಖಿನ್ನತೆಯನ್ನು ಗುರುತಿಸಲು, ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಎರಡು ವಾರಗಳ ಕಾಲ ಇರಬೇಕು, ಅವುಗಳಲ್ಲಿ ಕುಗ್ಗಿದ ಮನಃಸ್ಥಿತಿ ಅಥವಾ ಎಲ್ಲದರಲ್ಲೂ ಆಸಕ್ತಿ ಕಳೆದುಕೊಳ್ಳುವಿಕೆ ಸೇರಿರಬೇಕು ಎಂಬುದರ ಜೊತೆಗೆ, ಅವುಗಳಿಂದ ಗಣನೀಯ ಸಂಕಟವೋ ಕಾರ್ಯಹಾನಿಯೋ ಉಂಟಾಗಿರಬೇಕು ಎಂಬ ಷರತ್ತೂ ಇದೆ.

ಈ ಮಾನದಂಡವನ್ನು ಒಂದು ಊರಿನ ಬದುಕಿನೊಳಗಿಟ್ಟು ಪರೀಕ್ಷಿಸಿದ ಮಹತ್ವದ ಪ್ರಯತ್ನ ಕರಾವಳಿ ಕರ್ನಾಟಕದಲ್ಲೇ ನಡೆಯಿತು. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳ ಮನೆಗಳಿಗೆ ಹೋಗಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುವ ಬದಲು ಊರಿನ ಜನರನ್ನೇ ಕಂಡು, ಭಾರತೀಯ ಸಂದರ್ಭಕ್ಕಾಗಿ ರೂಪಿಸಿದ ಪ್ರಶ್ನಾವಳಿಯ ಮೂಲಕ ಲಕ್ಷಣಗಳನ್ನು ಕೇಳಿ, ನಿತ್ಯದ ಸಾಮಾಜಿಕ ಹೊಣೆಗಳನ್ನು ಜನ ಹೇಗೆ ನಿಭಾಯಿಸುತ್ತಿದ್ದಾರೆಂಬುದನ್ನು ಬೇರೆಯಾಗಿ ದಾಖಲಿಸಿದ್ದು ಅವರ ವಿಧಾನದ ವಿಶೇಷ. ತೊಂದರೆಯಲ್ಲಿದ್ದವರು ವೈದ್ಯರು, ಮಂತ್ರವಾದಿಗಳು ಮತ್ತು ಪಾತ್ರಿಗಳ ಬಳಿ ನೆರವು ಕೇಳುತ್ತಿದ್ದುದನ್ನೂ ಅವರು ಗಂಭೀರವಾಗಿ ಗಮನಿಸಿದರು. ಲಕ್ಷಣ ಇರುವುದು ಒಂದು ಸಂಗತಿ, ಅದರಿಂದ ಬದುಕು ಕುಂಠಿತವಾಗುವುದು ಇನ್ನೊಂದು ಸಂಗತಿ, ನೆರವನ್ನು ಬಯಸುವುದು ಮೂರನೆಯ ಸಂಗತಿ ಎಂಬ ವಿವೇಚನೆಗೆ ಇಂಥ ಅಧ್ಯಯನಗಳು ಗಟ್ಟಿಯಾದ ನೆಲೆಯನ್ನು ಒದಗಿಸಿದವು.

ಹಾಗೆಂದು ಈ ಮಾನದಂಡಕ್ಕೂ ಮಿತಿಗಳಿಲ್ಲದಿಲ್ಲ. ಉನ್ಮಾದದ ಏರುಗತಿಯಲ್ಲಿರುವ ವ್ಯಕ್ತಿ ನಿದ್ದೆಯಿಲ್ಲದೆ, ಉಳಿತಾಯವನ್ನೆಲ್ಲ ಚೆಲ್ಲುತ್ತಾ, ತಾನು ಎಂದೂ ಇಷ್ಟು ಸುಖವಾಗಿರಲಿಲ್ಲವೆಂದು ಹೇಳಬಹುದು. ಅಲ್ಲಿ ಸಂಕಟ ಕಾಣದಿದ್ದರೂ ಹಾನಿ ಸ್ಪಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ನಸುಕಿನಲ್ಲೆದ್ದು ಅಡುಗೆ, ಮಕ್ಕಳ ಶಾಲೆ, ಹಿರಿಯರ ಔಷಧ ಎಲ್ಲವನ್ನೂ ಚಾಚೂ ತಪ್ಪದೆ ನಿಭಾಯಿಸುವ ಗೃಹಿಣಿ ಒಳಗೊಳಗೇ ತೀವ್ರ ಖಿನ್ನತೆಯಿಂದ ಬಳಲುತ್ತಿರಬಹುದು. ಕೆಲಸ ನಿಲ್ಲಲಿಲ್ಲವೆಂಬ ಕಾರಣಕ್ಕೆ ಆಕೆಯ ಸಂಕಟ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಆದುದರಿಂದ ಸಂಕಟ ಮತ್ತು ಕಾರ್ಯಹಾನಿಗಳನ್ನು ಒಂದಕ್ಕೊಂದು ಪರ್ಯಾಯವಾಗಿಸದೆ ಜೊತೆಯಾಗಿಟ್ಟು ನೋಡಬೇಕಾಗುತ್ತದೆ.

ಇನ್ನೂ ಕಠಿಣವಾದ ಪ್ರಶ್ನೆಯೆಂದರೆ, ಎಲ್ಲ ಸಂಕಟವೂ ರೋಗವೇ ಎಂಬುದು. ಆಪ್ತರ ಸಾವಿನ ದುಃಖ ಇದಕ್ಕೆ ಒರೆಗಲ್ಲು. ಡಿಎಸ್‌ಎಂನ ನಾಲ್ಕನೆಯ ಆವೃತ್ತಿ ಸಾವು ಸಂಭವಿಸಿದ ಎರಡು ತಿಂಗಳೊಳಗಿನ ದುಃಖವನ್ನು ಸಾಮಾನ್ಯವಾಗಿ ಖಿನ್ನತೆಯೆಂದು ಗುರುತಿಸಬಾರದೆಂದು ವಿನಾಯಿತಿ ಕೊಟ್ಟಿತ್ತು. 2013ರ ಐದನೆಯ ಆವೃತ್ತಿ, ಬಹಳ ಚರ್ಚೆಯ ನಡುವೆ, ಆ ವಿನಾಯಿತಿಯನ್ನು ತೆಗೆದುಹಾಕಿತು. 2022ರ ಪರಿಷ್ಕರಣೆಯಲ್ಲಿ ‘ದೀರ್ಘಕಾಲಿಕ ಶೋಕ’ ಎಂಬ ಪ್ರತ್ಯೇಕ ತೊಂದರೆ ಸೇರಿಕೊಂಡು, ವಯಸ್ಕರಲ್ಲಿ ಅದನ್ನು ಗುರುತಿಸಲು ಕನಿಷ್ಠ 12 ತಿಂಗಳು ಕಳೆದಿರಬೇಕೆಂದು ನಿಗದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿಯ ಹನ್ನೊಂದನೆಯ ಆವೃತ್ತಿಯಲ್ಲಿ ಈ ಅವಧಿ ಆರು ತಿಂಗಳು. ಒಂದೇ ದುಃಖಕ್ಕೆ ಎರಡು ಗಡುವುಗಳಿರುವುದು ವಿಜ್ಞಾನದ ಸೋಲೆಂದು ಭಾವಿಸಬೇಕಿಲ್ಲ. ಈ ಗೆರೆಗಳು ಅನುಭವ ಮತ್ತು ಪುರಾವೆಗಳ ಆಧಾರದ ಮೇಲೆ ಮನುಷ್ಯರು ಎಳೆದವು, ಹೊಸ ಪುರಾವೆ ಬಂದಾಗ ಸರಿಸಬಹುದಾದವು ಎಂಬುದನ್ನು ಮಾತ್ರ ಮರೆಯಬಾರದು. ಎರಡೂ ವರ್ಗೀಕರಣಗಳು ಆ ಶೋಕ ವ್ಯಕ್ತಿಯ ಸಮುದಾಯದ ರೂಢಿಯನ್ನು ಮೀರಿದ್ದಾಗಿರಬೇಕೆಂದೂ ಹೇಳುವುದರಿಂದ, ರೂಢಿಯ ಮಾನದಂಡ ಇಲ್ಲಿ ಯಜಮಾನನಾಗಿ ಬಾರದೆ ಸಹಾಯಕನಾಗಿ ಮರಳುತ್ತದೆ.

ಈ ತೊಡಕನ್ನು ಬಿಡಿಸಲು ವಿದ್ವಾಂಸ ಜೆರೋಮ್ ವೇಕ್‌ಫೀಲ್ಡ್ 1992ರಲ್ಲಿ ‘ಹಾನಿಕರ ಕಾರ್ಯವೈಫಲ್ಯ’ ಎಂಬ ಸೂತ್ರವನ್ನು ಮುಂದಿಟ್ಟರು. ಮನಸ್ಸಿನ ಯಾವುದೋ ವ್ಯವಸ್ಥೆ ನಿಸರ್ಗದತ್ತವಾದ ತನ್ನ ಕೆಲಸವನ್ನು ಮಾಡಲಾಗದೆ ಸೋತಿರಬೇಕು, ಆ ಸೋಲು ವ್ಯಕ್ತಿಗೆ ಆತನ ಸಮಾಜದ ದೃಷ್ಟಿಯಲ್ಲಿ ಹಾನಿಯನ್ನೂ ಉಂಟುಮಾಡಿರಬೇಕು. ಎರಡೂ ಕೂಡಿದಾಗ ಮಾತ್ರ ಅದು ರೋಗ ಎಂಬುದು ಅವರ ವಾದ. ಮನಸ್ಸಿನ ಪ್ರತಿಯೊಂದು ವ್ಯವಸ್ಥೆಯ ನಿಸರ್ಗದತ್ತ ಕೆಲಸ ಯಾವುದೆಂದು ಖಚಿತವಾಗಿ ಹೇಳುವುದು ಕಷ್ಟವೆಂಬ ಆಕ್ಷೇಪ ಈ ಸೂತ್ರಕ್ಕೆ ಇದ್ದರೂ, ವಿಜ್ಞಾನದ ಸಂಗತಿಯನ್ನೂ ಸಮಾಜದ ಮೌಲ್ಯವನ್ನೂ ಬೆರೆಸಿಬಿಡದೆ ಎರಡಕ್ಕೂ ಬೇರೆ ಬೇರೆ ಉತ್ತರ ಹೇಳಬೇಕೆಂಬ ಶಿಸ್ತನ್ನು ಅದು ಕಲಿಸಿತು.

ಸ್ವಾಸ್ಥ್ಯದ ಮಾನದಂಡ

ಇಲ್ಲಿಯವರೆಗೆ ಪರಿಶೀಲಿಸಿದ ಮೂರು ಮಾನದಂಡಗಳೂ ಕೊರತೆಯನ್ನೇ ಹುಡುಕುವಂಥವು. ರೋಗವಿಲ್ಲದಿರುವುದಷ್ಟೇ ಸ್ವಾಸ್ಥ್ಯವೇ ಎಂಬ ಪ್ರಶ್ನೆ ಉಪನ್ಯಾಸದ ನಾಲ್ಕನೆಯ ಹಾಗೂ ಕೊನೆಯ ಭಾಗದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 1948ರ ಸಂವಿಧಾನವು ಆರೋಗ್ಯವನ್ನು ರೋಗದ ಅಭಾವಕ್ಕೆ ಸೀಮಿತಗೊಳಿಸದೆ ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮವೆಂದು ವಿವರಿಸಿತು. ಹತ್ತು ವರ್ಷಗಳ ಬಳಿಕ, 1958ರಲ್ಲಿ, ಮರಿ ಯಾಹೋದಾ ಎಂಬ ಸಮಾಜ ಮನೋವಿಜ್ಞಾನಿ ಧನಾತ್ಮಕ ಮಾನಸಿಕ ಸ್ವಾಸ್ಥ್ಯದ ಆರು ಗುರುತುಗಳನ್ನು ನಿರೂಪಿಸಿದರು: ತನ್ನನ್ನು ತಾನು ಅರಿತು ಒಪ್ಪಿಕೊಳ್ಳುವುದು, ತನ್ನ ಸಾಮರ್ಥ್ಯಗಳನ್ನು ಬೆಳೆಸಿಕೊಳ್ಳುತ್ತಾ ಹೋಗುವುದು, ಒತ್ತಡದಲ್ಲೂ ಮನಸ್ಸಿನ ಏಕಸೂತ್ರತೆಯನ್ನು ಉಳಿಸಿಕೊಳ್ಳುವುದು, ಸ್ವಂತ ವಿವೇಚನೆಯಿಂದ ನಡೆಯುವ ಸ್ವಾಯತ್ತತೆ, ವಾಸ್ತವವನ್ನು ಇದ್ದಂತೆಯೇ ಗ್ರಹಿಸುವುದು, ಮತ್ತು ಪ್ರೀತಿ, ದುಡಿಮೆ, ಸಂಬಂಧಗಳಲ್ಲಿ ತನ್ನ ಪರಿಸರವನ್ನು ನಿಭಾಯಿಸಬಲ್ಲ ಶಕ್ತಿ.

ಈ ಪಟ್ಟಿಯನ್ನು ಅರ್ಥಮಾಡಿಕೊಳ್ಳಲು ಯಾಹೋದಾ ಅವರ ಹಿಂದಿನ ಕೆಲಸವೊಂದು ನೆರವಾಗುತ್ತದೆ. ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯ ಬದುಕಿಗೆ ಆಧಾರವಾಗಿದ್ದ ಜವಳಿ ಕಾರ್ಖಾನೆ ಆರ್ಥಿಕ ಕುಸಿತದ ದಿನಗಳಲ್ಲಿ ಮುಚ್ಚಿಹೋಗಿ ಹೆಚ್ಚಿನ ಕುಟುಂಬಗಳು ನಿರುದ್ಯೋಗಕ್ಕೆ ತುತ್ತಾದಾಗ, ಯಾಹೋದಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಬಿಡುವು ಹೆಚ್ಚಿದಾಗ ಓದು, ಸಂಘಟನೆ, ರಾಜಕೀಯ ಚಟುವಟಿಕೆಗಳು ಹೆಚ್ಚಬಹುದೆಂಬ ನಿರೀಕ್ಷೆಗೆ ವಿರುದ್ಧವಾಗಿ, ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು, ಬೀದಿಯಲ್ಲಿ ನಡೆಯುವ ಗಂಡಸರ ನಡಿಗೆಯ ವೇಗ ಕುಗ್ಗಿತು, ದಿನದ ಹೊತ್ತು ಹೇಗೆ ಕಳೆಯಿತೆಂದು ಹೇಳಲಾಗದಷ್ಟು ಕಾಲದ ಲೆಕ್ಕವೇ ತಪ್ಪಿಹೋಯಿತು. ಅಲ್ಲಿನ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಚಿಕಿತ್ಸಾಲಯದಲ್ಲಿ ಪರೀಕ್ಷಿಸಿದ್ದರೆ ನಿರುತ್ಸಾಹ, ಜಡತೆ ಎಂಬ ಲಕ್ಷಣಗಳು ದಾಖಲಾಗುತ್ತಿದ್ದವು. ಮುಚ್ಚಿದ ಕಾರ್ಖಾನೆ ಆ ದಾಖಲೆಯಲ್ಲಿ ಕಾಣುತ್ತಿರಲಿಲ್ಲ. ಪರಿಸರವನ್ನು ನಿಭಾಯಿಸುವ ಶಕ್ತಿಯನ್ನು ಸ್ವಾಸ್ಥ್ಯದ ಗುರುತೆಂದು ಕರೆಯುವವರು, ನಿಭಾಯಿಸಲು ಸಾಧ್ಯವಾಗುವಂಥ ಪರಿಸರ ವ್ಯಕ್ತಿಗೆ ದೊರೆತಿದೆಯೇ ಎಂದೂ ಕೇಳಲೇಬೇಕು.

ಸ್ವಾಯತ್ತತೆಯ ಗುರುತಿಗೂ ಎಚ್ಚರದ ವ್ಯಾಖ್ಯಾನ ಅಗತ್ಯ. ಮದುವೆ, ಉದ್ಯೋಗ, ವಾಸಗಳ ತೀರ್ಮಾನವನ್ನು ತಂದೆತಾಯಿ, ಅಣ್ಣತಮ್ಮಂದಿರೊಡನೆ ಸಮಾಲೋಚಿಸಿ ತೆಗೆದುಕೊಳ್ಳುವ ಕುಟುಂಬಗಳಲ್ಲಿ, ಒಬ್ಬಂಟಿಯಾಗಿ ನಿರ್ಧರಿಸದಿರುವುದನ್ನು ದೌರ್ಬಲ್ಯವೆಂದು ಗಣಿಸಲಾಗದು. ಸ್ವಂತ ವಿವೇಚನೆ ಉಳಿದಿದೆಯೇ, ಬೇಡವೆನ್ನುವ ಅವಕಾಶ ಇದೆಯೇ ಎಂಬುದೇ ಅಲ್ಲಿ ಸರಿಯಾದ ಪ್ರಶ್ನೆ.

ಸ್ವಾಸ್ಥ್ಯ ಮತ್ತು ರೋಗಗಳನ್ನು ಒಂದೇ ಗೆರೆಯ ಎರಡು ತುದಿಗಳೆಂದು ಭಾವಿಸುವುದನ್ನು ಸಮಾಜವಿಜ್ಞಾನಿ ಕೋರಿ ಕೀಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಶ್ನಿಸಿತು. ಅದರ ಪ್ರಕಾರ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 17 ಮಂದಿ ಮಾತ್ರ ಅರಳಿದ ಸ್ಥಿತಿಯಲ್ಲಿದ್ದರು. ಸುಮಾರು 12 ಮಂದಿ ಖಿನ್ನತೆಯ ಮಾನದಂಡಕ್ಕೆ ಒಳಪಡದಿದ್ದರೂ ಉತ್ಸಾಹ, ಉದ್ದೇಶಗಳಿಲ್ಲದ ಬಾಡಿದ ಸ್ಥಿತಿಯಲ್ಲಿದ್ದರು. ಇದರಿಂದ ಎರಡು ಪಾಠಗಳು ದೊರೆಯುತ್ತವೆ: ರೋಗದ ಹೆಸರಿಲ್ಲದವರಿಗೂ ಆಸರೆ ಬೇಕಾಗಬಹುದು; ರೋಗದ ಹೆಸರಿರುವವರೂ, ಸೂಕ್ತ ಚಿಕಿತ್ಸೆ ಮತ್ತು ಸಂಬಂಧಗಳ ಬಲದಿಂದ, ಅರ್ಥಪೂರ್ಣವಾಗಿ ಬದುಕಬಲ್ಲರು.

ಸಮಾರೋಪ

ನಾಲ್ಕು ಮಾನದಂಡಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವುಗಳ ಸ್ಥಾನ ಸ್ಪಷ್ಟವಾಗುತ್ತದೆ. ಸಂಖ್ಯೆ ಹೋಲಿಕೆಗೆ ನೆರವಾಗುತ್ತದೆ, ರೂಢಿ ಸಂದರ್ಭವನ್ನು ತಿಳಿಸುತ್ತದೆ, ಸಂಕಟ ಮತ್ತು ಕಾರ್ಯಹಾನಿಗಳು ನೆರವಿನ ಅಗತ್ಯವನ್ನು ನಿರ್ಣಯಿಸುತ್ತವೆ, ಸ್ವಾಸ್ಥ್ಯದ ಆದರ್ಶ ಆ ನೆರವು ಯಾವ ದಿಕ್ಕಿಗೆ ಸಾಗಬೇಕೆಂದು ತೋರಿಸುತ್ತದೆ. ಭಾರತದ ಕಾನೂನೂ ಈ ವಿವೇಕವನ್ನು ಬಹುಮಟ್ಟಿಗೆ ಮೈಗೂಡಿಸಿಕೊಂಡಿದೆ. ‘ಹುಚ್ಚ’ರನ್ನು ಕೂಡಿಡುವುದಕ್ಕೆ ಒತ್ತುಕೊಟ್ಟ 1912ರ ಕಾಯಿದೆಯಿಂದ 1987ರ ಕಾಯಿದೆಯನ್ನು ದಾಟಿ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಆಲೋಚನೆ, ಭಾವ, ಗ್ರಹಿಕೆ, ನೆನಪು ಮುಂತಾದವುಗಳ ಗಣನೀಯ ಏರುಪೇರು ವಿವೇಚನೆಯನ್ನೋ ವಾಸ್ತವದ ಅರಿವನ್ನೋ ನಿತ್ಯದ ಬದುಕಿನ ಸಾಮರ್ಥ್ಯವನ್ನೋ ತೀವ್ರವಾಗಿ ಕುಂದಿಸಿದಾಗ ಅದನ್ನು ಮಾನಸಿಕ ಕಾಯಿಲೆಯೆನ್ನುತ್ತದೆ. ಅದರ ಮೂರನೆಯ ಸೆಕ್ಷನ್, ವ್ಯಕ್ತಿಯ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನವಾಗಲಿ, ಸಮುದಾಯದ ನೈತಿಕ, ಸಾಮಾಜಿಕ, ಧಾರ್ಮಿಕ ಮೌಲ್ಯಗಳಿಗೆ ಹೊಂದದಿರುವುದಾಗಲಿ ಈ ನಿರ್ಣಯಕ್ಕೆ ಆಧಾರವಾಗಕೂಡದೆಂದು ಸ್ಪಷ್ಟವಾಗಿ ನಿಷೇಧಿಸುತ್ತದೆ. ಜಾತಿ ಮೀರಿ ಮದುವೆಯಾಗಬಯಸುವ ಮಗಳನ್ನಾಗಲಿ, ಮನೆತನದ ಕಸುಬನ್ನು ಒಲ್ಲದ ಮಗನನ್ನಾಗಲಿ ಆ ಒಂದೇ ಕಾರಣಕ್ಕೆ ‘ತಲೆ ಕೆಟ್ಟಿದೆ’ ಎಂದು ಆಸ್ಪತ್ರೆಗೆ ಸೇರಿಸುವುದಕ್ಕೆ ಈ ಕಾಯಿದೆಯಲ್ಲಿ ಜಾಗವಿಲ್ಲ.

ಅತಿಯಾಗಿ ಹಣೆಪಟ್ಟಿ ಹಚ್ಚುವ ಅಪಾಯದಷ್ಟೇ ದೊಡ್ಡದು, ನಿಜವಾಗಿ ನರಳುವವರಿಗೆ ನೆರವು ತಲುಪದಿರುವ ಅಪಾಯ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯನ್ನು ಅನುಭವಿಸುತ್ತಿದ್ದರು. ಚಿಕಿತ್ಸೆ ದೊರೆಯದವರ ಪ್ರಮಾಣ, ತೊಂದರೆಯ ಬಗೆಯನ್ನು ಅನುಸರಿಸಿ, ಶೇಕಡಾ 70ರಿಂದ 92ರವರೆಗೆ ಇತ್ತು. ಈ ಅಂತರವನ್ನು ತುಂಬಲು ತಿಳಿವಳಿಕೆಯೂ ಬೇಕು, ಸೇವೆಯೂ ಬೇಕು. ತಿಳಿವಳಿಕೆಯ ಕೆಲಸದಲ್ಲಿ ಕನ್ನಡಕ್ಕೆ ಹೆಮ್ಮೆಪಡುವಂಥ ಪರಂಪರೆಯಿದೆ: ಡಾ. ಎಂ. ಶಿವರಾಂ ಅವರ ‘ಮನಮಂಥನ’ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು, ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಮನೋವೈದ್ಯಕೀಯವನ್ನು ಮನೆಮಾತಿಗೆ ತಂದವು. ಸೇವೆಯ ದೃಷ್ಟಿಯಿಂದ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮನೋವಿಜ್ಞಾನವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೂ, ಮಕ್ಕಳನ್ನು ದಿನವೂ ಕಾಣುವ ಶಿಕ್ಷಕರಿಗೂ, ಮನೆಯ ಹಿರಿಯರಿಗೂ ಈ ಚರ್ಚೆಯಿಂದ ಒದಗುವ ಕರ್ತವ್ಯ ಒಂದೇ. ಯಾರ ನಡವಳಿಕೆಯಾದರೂ ವಿಚಿತ್ರವೆನಿಸಿದಾಗ, ಇದು ಎಷ್ಟು ಜನರಲ್ಲಿದೆ, ಊರಿನವರು ಏನೆನ್ನುತ್ತಾರೆ ಎಂಬ ಪ್ರಶ್ನೆಗಳಿಗಿಂತ ಮೊದಲು, ಈ ವ್ಯಕ್ತಿ ನರಳುತ್ತಿದ್ದಾರೆಯೇ, ಬದುಕಿನ ಯಾವ ಕೆಲಸ ಇವರಿಗೆ ಕಷ್ಟವಾಗಿದೆ, ಯಾವ ಪರಿಸ್ಥಿತಿ ಇವರನ್ನು ಇಲ್ಲಿಗೆ ತಂದಿದೆ ಎಂದು ಅವರನ್ನೇ ಕೇಳಿ ತಿಳಿಯಬೇಕು. ಉತ್ತರವನ್ನು ತಾಳ್ಮೆಯಿಂದ ಆಲಿಸಿದ ಮೇಲೆ ನೆರವು ಬೇಕೆಂದು ಕಂಡರೆ ವಿಳಂಬವಿಲ್ಲದೆ ಕೊಡಿಸಬೇಕು. ನೆರವು ಬೇಕಿಲ್ಲ, ಬೇಕಾದುದು ಗೌರವ ಮಾತ್ರ ಎಂದು ಕಂಡರೆ ಅದನ್ನೂ ವಿಳಂಬವಿಲ್ಲದೆ ಕೊಡಬೇಕು.